ಏಣಿಯ ಮೊದಲ ಮೆಟ್ಟಿಲು

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಇತಿಹಾಸವನ್ನು ಹೇಳುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಬೆಳಗಿನ ಗೋಷ್ಠಿಯಲ್ಲಿ ನೆರವೇರಿಸಿದ್ದಾರೆ. ನಾನು ಮುಂದಿನ ದಿನಗಳ ಕುರಿತು, ಅದರಲ್ಲಿಯೂ ಒಂದೇ ಒಂದು ವಿಷಯದ ಕುರಿತು ನಾಲ್ಕು ಮಾತು ಆಡುತ್ತೇನೆ. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ನಿಯಂತ್ರಕಗಳಿಗೆ ಪ್ರೋಗ್ರಾಂ ಬರೆಯುವ ವಿದ್ಯೆಯನ್ನು ನಮ್ಮ ಮಕ್ಕಳು ಎಲ್ಲಿಂದ ಆರಂಭಿಸಬೇಕು ಎಂಬುದೇ ಆ ವಿಷಯ. ಕನ್ನಡ ಎಂ.ಎ. ಓದಿದವಳಿಗೆ ಯಂತ್ರದ ಮಾತೇಕೆ ಎಂದು ನೀವು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಒಂದು, ನನ್ನ ತಂದೆಯವರು. ಇನ್ನೊಂದು, ನಾನು ಮಾಡಿದ ಒಂದು ತಪ್ಪು.

ನಾನು ಹುಟ್ಟಿದ್ದು ಈ ಊರಿನಲ್ಲಲ್ಲ. ತೇನಿ ಜಿಲ್ಲೆಯಲ್ಲಿ, ಕೊಡೈಕಾನಲ್ ಬೆಟ್ಟದ ಅಡಿಯಲ್ಲಿ, ವರಾಹ ನದಿಯ ದಡದಲ್ಲಿರುವ ಪೆರಿಯಕುಳಂ ನನ್ನ ತವರು. ತೇನಿ, ಬೋಡಿ, ಕಂಬಂ, ದಿಂಡಿಗಲ್ ಸುತ್ತಿನಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಒಕ್ಕಲಿಗರೂ ದೇವಾಂಗರೂ ಅನುಪ್ಪರೂ ತಲೆತಲಾಂತರದಿಂದ ನೆಲೆಸಿದ್ದಾರೆ. ನಮ್ಮದೂ ಅಂತಹ ಒಂದು ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪನಿಗೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ. ಇಂಗ್ಲಿಷಂತೂ ದೂರದ ಮಾತು. ನಾನೂ ಕನ್ನಡದ ಅಕ್ಷರ ತಿದ್ದಿದ್ದು ಹೈಸ್ಕೂಲು ಮುಗಿಸಿ ಈ ಸೀಮೆಯ ಸೋದರಮಾವನ ಮನೆಗೆ ಬಂದ ಮೇಲೆ.

ಅಪ್ಪ ಒಂದು ನೂಲಿನ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಆ ಕಾಲದಲ್ಲಿ ಯಂತ್ರಗಳ ಬುದ್ಧಿಯೆಲ್ಲ ಕಬ್ಬಿಣದ ಬೀರುಗಳಲ್ಲಿತ್ತು. ಬೀರುವಿನ ತುಂಬ ಸಾಲುಸಾಲಾಗಿ ರಿಲೇಗಳು, ಕಾಂಟ್ಯಾಕ್ಟರುಗಳು, ಅವುಗಳ ನಡುವೆ ನೂರಾರು ತಂತಿಗಳು. ಬೀರುವಿನ ಬಾಗಿಲಿನ ಒಳಮೈಗೆ ಒಂದು ನಕ್ಷೆಯನ್ನು ಅಂಟಿಸಿರುತ್ತಿದ್ದರು. ಎರಡು ಉದ್ದ ಗೆರೆಗಳು, ಅವುಗಳ ನಡುವೆ ಅಡ್ಡಗೆರೆಗಳು. ನೋಡಲು ಥೇಟ್ ಏಣಿಯಂತೆ. ರಾತ್ರಿ ಪಾಳಿಯಲ್ಲಿ ಯಂತ್ರ ನಿಂತಿತೆಂದರೆ ಅಪ್ಪನಿಗೆ ಕರೆ ಬರುತ್ತಿತ್ತು. ಅವರು ಆ ನಕ್ಷೆಯ ಮೇಲೆ ಎಡದಿಂದ ಬಲಕ್ಕೆ ಬೆರಳಾಡಿಸಿ ದೋಷವನ್ನು ಹುಡುಕುತ್ತಿದ್ದರು. ಒಮ್ಮೆ ಊಟದ ಬುತ್ತಿ ಒಯ್ದ ನನಗೆ ಹೇಳಿದ್ದರು: “ಕರೆಂಟು ಎಲ್ಲಿವರೆಗೆ ಬಂದಿದೆ ನೋಡು ಮಗಳೇ. ಎಲ್ಲಿ ನಿಂತಿದೆಯೋ ಅಲ್ಲೇ ರೋಗ.” ಆ ನಕ್ಷೆಯನ್ನು ಓದಲು ಅವರಿಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

ಅದೇ ಏಣಿ ಇಂದಿಗೂ ಜೀವಂತವಾಗಿದೆ ಎಂಬುದು ನಾನು ಹೇಳಬೇಕಾದ ಮುಖ್ಯ ಸಂಗತಿ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್ ವಿಭಾಗ ಒಂದು ಬೇಡಿಕೆಯನ್ನು ಮುಂದಿಟ್ಟಿತು. ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇ ಬೀರುಗಳ ತಂತಿಗಳನ್ನು ಕಿತ್ತು ಹೊಸದಾಗಿ ಜೋಡಿಸಬೇಕಾಗಿತ್ತು. ಅದಕ್ಕೆ ಬದಲಾಗಿ ಪ್ರೋಗ್ರಾಂ ತಿದ್ದಿದರೆ ಸಾಕಾಗುವಂತಹ ಸಾಧನವೊಂದು ಅವರಿಗೆ ಬೇಕಿತ್ತು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು ರೂಪಿಸಿದ ‘ಮಾಡಿಕಾನ್ 084’ ಆ ಬೇಡಿಕೆಗೆ ದೊರೆತ ಉತ್ತರ. ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಅಂದರೆ ಪಿ.ಎಲ್.ಸಿ. ಎಂದು ನಾವು ಕರೆಯುವ ನಿಯಂತ್ರಕದ ವಂಶ ಅಲ್ಲಿಂದ ಬೆಳೆಯಿತು. ಅದಕ್ಕೆ ಪ್ರೋಗ್ರಾಂ ಬರೆಯುವ ಭಾಷೆ ಹೇಗಿರಬೇಕು ಎಂಬ ಪ್ರಶ್ನೆ ಬಂದಾಗ ಅವರು ವಿದ್ವಾಂಸರ ಭಾಷೆಯನ್ನು ಆರಿಸಲಿಲ್ಲ. ನನ್ನ ತಂದೆಯಂತಹ ಎಲೆಕ್ಟ್ರಿಷಿಯನ್ನರಿಗೆ ಮೊದಲೇ ಪರಿಚಿತವಾಗಿದ್ದ ಏಣಿನಕ್ಷೆಯನ್ನೇ ಭಾಷೆಯನ್ನಾಗಿ ಮಾಡಿದರು. ಅದೇ ಲ್ಯಾಡರ್ ಲಾಜಿಕ್. 1993ರಲ್ಲಿ ಐ.ಇ.ಸಿ. 61131-3 ಎಂಬ ಅಂತರರಾಷ್ಟ್ರೀಯ ಮಾನಕ ಬಂದಾಗ ಅದು ಗುರುತಿಸಿದ ಐದು ಭಾಷೆಗಳಲ್ಲಿ ಏಣಿಗೂ ಸ್ಥಾನ ದೊರೆಯಿತು. ಇಲ್ಲಿಂದ ಬಸ್ಸು ಹತ್ತಿ ಹೊಸೂರಿನ ಸಿಪ್ಕಾಟ್‌ಗೆ ಹೋದರೆ ಇಂತಹ ನಿಯಂತ್ರಕಗಳು ದುಡಿಯುವ ಕಾರ್ಖಾನೆಗಳು ಸಾಲಾಗಿ ಸಿಗುತ್ತವೆ.

ನಿಯಂತ್ರಕ ಮಾಡುವ ಕೆಲಸ ಮೂರೇ ಹೆಜ್ಜೆಯದು. ಮೊದಲು ಗುಂಡಿಗಳು, ಸೆನ್ಸರುಗಳು ಯಾವ ಸ್ಥಿತಿಯಲ್ಲಿವೆ ಎಂದು ಓದಿಕೊಳ್ಳುತ್ತದೆ. ಬಳಿಕ ಏಣಿಯ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬಿಡಿಸುತ್ತದೆ. ಕೊನೆಗೆ ಮೋಟಾರು, ದೀಪ, ಕವಾಟಗಳಿಗೆ ಆಜ್ಞೆ ನೀಡುತ್ತದೆ. ಇಷ್ಟನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಸಿ, ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ದಿನವಿಡೀ, ವರ್ಷವಿಡೀ ಇದೇ ಅದರ ದಿನಚರಿ.

ಮಕ್ಕಳೇ, ಮೊದಲ ಪಾಠಕ್ಕೆ ಕಂಪ್ಯೂಟರ್ ಬೇಡ. ನೋಟ್‌ಬುಕ್, ಪೆನ್ಸಿಲ್ ಸಾಕು. ನಮ್ಮ ಶಾಲೆಯ ನೀರಿನ ತೊಟ್ಟಿಯನ್ನೇ ತೆಗೆದುಕೊಳ್ಳಿ. ಕೆಳಗೆ ಸಂಪು, ಮೇಲೆ ತೊಟ್ಟಿ, ನಡುವೆ ಒಂದು ಮೋಟಾರು. ಮೋಟಾರು ಯಾವಾಗ ಓಡಬೇಕು? ಕನ್ನಡದಲ್ಲಿಯೇ ಒಂದು ವಾಕ್ಯ ಬರೆಯಿರಿ: “ತೊಟ್ಟಿಯ ನೀರು ಕೆಳಗಿನ ಗುರುತಿಗೆ ಇಳಿದಿದ್ದರೆ ಅಥವಾ ಮೋಟಾರು ಈಗಾಗಲೇ ಓಡುತ್ತಿದ್ದರೆ, ಮತ್ತು ತೊಟ್ಟಿ ತುಂಬಿಲ್ಲದಿದ್ದರೆ, ಮತ್ತು ಸಂಪಿನಲ್ಲಿ ನೀರಿದ್ದರೆ, ಮೋಟಾರು ಓಡಲಿ.” ಈ ವಾಕ್ಯವೇ ಏಣಿಯ ಒಂದು ಮೆಟ್ಟಿಲು. ‘ಮತ್ತು’ ಇರುವಲ್ಲಿ ಸಂಪರ್ಕಗಳನ್ನು ಒಂದರ ಪಕ್ಕಕ್ಕೆ ಒಂದನ್ನು ಬರೆಯುತ್ತೇವೆ. ‘ಅಥವಾ’ ಇರುವಲ್ಲಿ ಒಂದರ ಕೆಳಗೆ ಒಂದನ್ನು ಬರೆಯುತ್ತೇವೆ. ‘ಇಲ್ಲದಿದ್ದರೆ’ ಎಂಬಲ್ಲಿ ಸಂಪರ್ಕದ ಮೇಲೆ ಓರೆಗೆರೆ ಎಳೆಯುತ್ತೇವೆ. ವ್ಯಾಕರಣದ ತರಗತಿಯಲ್ಲಿ ನಾನು ಸಂಯುಕ್ತ ವಾಕ್ಯ, ಮಿಶ್ರ ವಾಕ್ಯ ಎಂದು ಕಲಿಸುವಾಗ ನೀವು ಆಕಳಿಸುತ್ತೀರಲ್ಲ, ಆ ಪಾಠಕ್ಕೆ ಇಲ್ಲಿ ನೀರು ಬರುತ್ತದೆ.

ಆ ವಾಕ್ಯದಲ್ಲಿ “ಮೋಟಾರು ಈಗಾಗಲೇ ಓಡುತ್ತಿದ್ದರೆ” ಎಂಬ ಮಾತು ಏಕೆ ಬೇಕು? ಅದನ್ನು ಅಳಿಸಿ ನೋಡಿ. ನೀರು ಕೆಳಗಿನ ಗುರುತಿನಿಂದ ಸ್ವಲ್ಪ ಮೇಲೇರಿದ ಕೂಡಲೇ ಮೋಟಾರು ನಿಲ್ಲುತ್ತದೆ. ಸ್ವಲ್ಪ ಇಳಿದರೆ ಮತ್ತೆ ಹೊರಡುತ್ತದೆ. ಹೀಗೆ ಹೊರಟು ನಿಂತು ಮೋಟಾರು ಸುಟ್ಟುಹೋಗುತ್ತದೆ, ತೊಟ್ಟಿ ಮಾತ್ರ ತುಂಬುವುದಿಲ್ಲ. ಒಮ್ಮೆ ಹೊರಟದ್ದು ಕೆಲಸ ಮುಗಿಯುವವರೆಗೆ ತನ್ನನ್ನು ತಾನೇ ಹಿಡಿದುಕೊಂಡಿರಬೇಕು. ಎಲೆಕ್ಟ್ರಿಷಿಯನ್ನರು ಇದನ್ನು ಹೋಲ್ಡಿಂಗ್ ಎನ್ನುತ್ತಾರೆ. ಇದೊಂದು ಅರ್ಥವಾದರೆ ಈ ವಿದ್ಯೆಯ ಬಾಗಿಲು ತೆರೆಯಿತೆಂದೇ ತಿಳಿಯಿರಿ.

ಎರಡನೆಯ ಪಾಠ ನಿಲ್ಲಿಸುವ ಗುಂಡಿಯದು. ಹೊರಡಿಸುವ ಗುಂಡಿ ಒತ್ತಿದಾಗ ಮಾತ್ರ ಕರೆಂಟು ಹರಿಯುತ್ತದೆ. ನಿಲ್ಲಿಸುವ ಗುಂಡಿ ಹಾಗಲ್ಲ. ಅದರಲ್ಲಿ ಸದಾ ಕರೆಂಟು ಹರಿಯುತ್ತಿದ್ದು, ಒತ್ತಿದಾಗ ಕಡಿಯುತ್ತದೆ. ಕಾರಣವಿಷ್ಟೇ: ಆ ಗುಂಡಿಯ ತಂತಿಯನ್ನು ಇಲಿ ಕಡಿದರೂ, ತಂತಿ ಸಡಿಲವಾಗಿ ಕಳಚಿದರೂ, ಯಂತ್ರ ನಿಲ್ಲಬೇಕು. ತಂತಿ ತುಂಡಾದ ಸಂಗತಿ ಅಪಘಾತದ ಹೊತ್ತಿನಲ್ಲಿ ಗೊತ್ತಾಗಬಾರದು. ಹೊಸಬರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಗುಂಡಿ ಒತ್ತದೆ ಇರುವಾಗ ನಿಯಂತ್ರಕಕ್ಕೆ ‘1’ ತಲುಪುತ್ತಿರುತ್ತದೆ. ಆದುದರಿಂದ ಪ್ರೋಗ್ರಾಮಿನಲ್ಲಿ ಅದಕ್ಕೆ ಓರೆಗೆರೆ ಇಲ್ಲದ ಸಂಪರ್ಕವನ್ನೇ ಬರೆಯಬೇಕು. ಹೊರಗಿನ ತಂತಿಯ ನಕ್ಷೆಯಲ್ಲಿದ್ದಂತೆಯೇ ಓರೆಗೆರೆ ಹಾಕಿದರೆ ಮೋಟಾರು ಏಳುವುದೇ ಇಲ್ಲ. ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನಂತೂ ಕಲಿಯುವವರು ಪ್ರೋಗ್ರಾಮನ್ನೇ ನಂಬಿ ಬಿಡಬಾರದು. ಅದು ತಂತಿಯ ಮೂಲಕವೇ ನೇರವಾಗಿ ಕರೆಂಟನ್ನು ಕಡಿಯುವಂತಿರಬೇಕು.

ಈಗ ನನ್ನ ತಪ್ಪಿನ ಮಾತು. ಹಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಮ್ಮ ತೊಟ್ಟಿ ಪ್ರತಿದಿನ ತುಂಬಿ ಹರಿದು ಅಂಗಳ ಕೆಸರಾಗುತ್ತಿತ್ತು. ಅವನು ಎಣ್ಣೆಯ ಖಾಲಿ ಕ್ಯಾನು, ಒಂದು ಹಗ್ಗ, ಹಳೆಯ ಸ್ವಿಚ್ಚು ಇವುಗಳಿಂದ ತೊಟ್ಟಿ ತುಂಬಿದಾಗ ಮೋಟಾರು ತಾನಾಗಿ ನಿಲ್ಲುವ ಏರ್ಪಾಡು ಮಾಡಿದ. ಅವನ ತಂದೆ ನನ್ನಲ್ಲಿಗೆ ಬಂದು, “ಮೇಡಂ, ಇವನನ್ನು ಡಿಪ್ಲೊಮಾಗೆ ಸೇರಿಸೋಣವೇ?” ಎಂದು ಕೇಳಿದರು. ನಾನು ಬೇಡವೆಂದೆ. “ಪುಸ್ತಕವೆಲ್ಲ ಇಂಗ್ಲಿಷು. ಕನ್ನಡ ಮಾಧ್ಯಮದ ಹುಡುಗ ಮೊದಲ ವರ್ಷವೇ ಸೋತು ಬರುತ್ತಾನೆ” ಎಂದೆ. ಒಂದು ಅಕ್ಷರವೂ ಬಾರದ ಭಾಷೆಯ ಯಂತ್ರಗಳನ್ನು ಬೆರಳಿನಿಂದ ಓದುತ್ತಿದ್ದವರ ಮಗಳು ಈ ಮಾತನ್ನು ಆಡಿದಳು.

ಅವರು ನನ್ನ ಮಾತನ್ನು ನಂಬಿದರು. ಹುಡುಗ ಬೇರೆ ಓದಿಗೆ ಹೋದ. ಈಗ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಆ ಬದುಕು ಕೀಳೆಂದು ನಾನು ಹೇಳುತ್ತಿಲ್ಲ. ಅವನು ದುಡಿದು ಗೌರವದಿಂದ ಬಾಳುತ್ತಿದ್ದಾನೆ. ಶತಮಾನೋತ್ಸವದ ಆಮಂತ್ರಣ ಕೊಡಲು ಹೋದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: “ಮೇಡಂ, ಮೋಟಾರು ಈಗಲೂ ತಾನಾಗಿ ನಿಲ್ಲುತ್ತದೆಯೇ?” ಹೊಸ ಮೋಟಾರು ಕೂರಿಸಿದಾಗ ಅವನ ಕ್ಯಾನನ್ನು ನಾವು ಕಿತ್ತೆಸೆದಿದ್ದೆವು. ನನಗೆ ಉತ್ತರ ಹೇಳಲಾಗಲಿಲ್ಲ.

ಅಪ್ಪ ಹೇಳುತ್ತಿದ್ದಂತೆ, ಎಲ್ಲಿ ನಿಂತಿದೆಯೋ ಅಲ್ಲೇ ರೋಗ. ಆ ಹುಡುಗನ ದಾರಿ ಇಂಗ್ಲಿಷಿನ ಪುಸ್ತಕದಲ್ಲಿ ನಿಂತಿರಲಿಲ್ಲ. ನನ್ನ ಮೇಜಿನ ಮುಂದೆ ನಿಂತಿತು.

ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ಇನ್‌ಪುಟ್, ಔಟ್‌ಪುಟ್, ಟೈಮರ್, ಕೌಂಟರ್, ಸೆಟ್, ರಿಸೆಟ್ ಇಂತಹ ಪದಗಳು ಬೇಕು. ಮುಂದೆ ಕೈಪಿಡಿಗಳನ್ನು ಓದಲೂ ಬರಬೇಕು. ಆದರೆ ಕ್ರಮ ಮುಖ್ಯ. ಮೊದಲು ಅರ್ಥ, ಆಮೇಲೆ ಹೆಸರು. ಟೈಮರ್ ಎಂದರೇನೆಂದು ತಿಳಿದ ಮಗುವಿಗೆ ಆ ಪದ ಒಂದು ದಿನದ ಕೆಲಸ. ಅರ್ಥವಾಗದೆ ಪದವನ್ನಷ್ಟೇ ಉರುಹೊಡೆದವರು ಯಂತ್ರದ ಮುಂದೆ ನಿಂತಾಗ ಕೈಕಟ್ಟಿ ನಿಲ್ಲುತ್ತಾರೆ.

ನೋಟ್‌ಬುಕ್ಕಿನ ಬಳಿಕ ಕಂಪ್ಯೂಟರ್. ಓಪನ್‌ಪಿಎಲ್‌ಸಿ, ಕೋಡೆಸಿಸ್ ಎಂಬ ತಂತ್ರಾಂಶಗಳನ್ನು ಹಣ ಕೊಡದೆ ಪಡೆಯಬಹುದು. ನಿಯಂತ್ರಕವೇ ಇಲ್ಲದೆ, ಏಣಿಯನ್ನು ಪರದೆಯ ಮೇಲೆ ಬರೆದು ಓಡಿಸಿ ನೋಡಬಹುದು. ಅಲ್ಲಿ ತಪ್ಪಿದರೆ ಏನೂ ಸುಡುವುದಿಲ್ಲ. ಆಮೇಲೆ ಒಂದು ಸಣ್ಣ ನಿಯಂತ್ರಕ, ನಾಲ್ಕು ಗುಂಡಿ, ನಾಲ್ಕು ದೀಪ. ಎಲ್ಲವೂ 24 ವೋಲ್ಟಿನವು. ಮನೆಯ 230 ವೋಲ್ಟಿನ ತಂತಿಯನ್ನು ಯಾವ ಮಗುವೂ ಮುಟ್ಟಕೂಡದು. ಬಲ್ಲ ಹಿರಿಯರು ಪಕ್ಕದಲ್ಲಿಲ್ಲದೆ ಪ್ರಯೋಗಕ್ಕೆ ಕೂರಕೂಡದು. ಹತ್ತನೆಯ ತರಗತಿ ಮುಗಿದ ಮೇಲೆ ಐ.ಟಿ.ಐ., ಪಾಲಿಟೆಕ್ನಿಕ್ ದಾರಿಗಳಿವೆ. ತಮಿಳುನಾಡಿನಲ್ಲಿ 71 ಸರ್ಕಾರಿ ಐ.ಟಿ.ಐ.ಗಳನ್ನು, ಕರ್ನಾಟಕದಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು ಇತ್ತೀಚಿನ ವರ್ಷಗಳಲ್ಲಿ ಹೊಸ ಯಂತ್ರಗಳೊಡನೆ ನವೀಕರಿಸಲಾಗಿದೆ. ಗಡಿಯಲ್ಲಿರುವ ನಮಗೆ ಎರಡೂ ಕಡೆಯ ಬಾಗಿಲುಗಳು ಹತ್ತಿರದಲ್ಲಿವೆ.

ಈ ಶತಮಾನೋತ್ಸವದ ನೆನಪಿಗಾಗಿ ಪ್ರತಿ ಶನಿವಾರ ಮಧ್ಯಾಹ್ನ ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಏಣಿಯ ಪಾಠವನ್ನು ಆರಂಭಿಸಬೇಕೆಂದು ಶಿಕ್ಷಕರೆಲ್ಲ ಸೇರಿ ನಿಶ್ಚಯಿಸಿದ್ದೇವೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಸಣ್ಣದು. ನಿಮ್ಮ ಮನೆಯಲ್ಲಿ ಮೂಲೆ ಸೇರಿದ ಕಂಪ್ಯೂಟರ್ ಇದ್ದರೆ ಕೊಡಿ. ಕಾರ್ಖಾನೆಗಳಲ್ಲಿ ದುಡಿಯುವವರು ತಿಂಗಳಿಗೊಂದು ಶನಿವಾರ ಬಂದು ಎರಡು ಗಂಟೆ ಮಕ್ಕಳ ಜೊತೆ ಕುಳಿತುಕೊಳ್ಳಿ. ನೀವು ಕಲಿತ ಕನ್ನಡದಲ್ಲಿಯೇ ಹೇಳಿಕೊಡಿ. ಪೋಷಕರಲ್ಲಿ ಕೇಳುವುದು ಇಷ್ಟೇ: ಮಗು ಹಳೆಯ ಸ್ವಿಚ್ಚನ್ನು ಬಿಚ್ಚಿ ನೋಡುತ್ತಿದ್ದರೆ ಅದು ವಿದ್ಯುತ್ತಿನ ಸಂಪರ್ಕದಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳಿ, ಆಮೇಲೆ ಬಿಚ್ಚಲು ಬಿಡಿ. ಹೆಣ್ಣುಮಕ್ಕಳಿಗೂ ಬಿಡಿ. ಇನ್ನು ಸಹೋದ್ಯೋಗಿಗಳಿಗೆ ನನ್ನ ಪ್ರಾರ್ಥನೆ: ಮುಂದೆ ಯಾರಾದರೂ ತಂದೆತಾಯಿ ನಿಮ್ಮ ಮೇಜಿನ ಮುಂದೆ ಬಂದು ಅದೇ ಪ್ರಶ್ನೆಯನ್ನು ಕೇಳಿದರೆ, ನಾನು ಕೊಟ್ಟ ಉತ್ತರವನ್ನು ಕೊಡಬೇಡಿ.

ಮೊದಲ ಶನಿವಾರದ ಪಾಠವನ್ನು ಹೇಳಿಕೊಡಲು ಆ ಹಳೆಯ ವಿದ್ಯಾರ್ಥಿಯನ್ನೇ ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ. ಪಾಠದ ವಿಷಯ ನಮ್ಮ ನೀರಿನ ತೊಟ್ಟಿ.