ಎರೆ ನೆಲದ ಮನೆಗೆ ಸುಣ್ಣದ ಆಸರೆ

ಹಿಪ್ಪರಗಿಯ ಸುತ್ತ, ಕೃಷ್ಣೆಯ ದಂಡೆಗೆ, ಎರೆ ಭೂಮಿಯೇ ಹೆಚ್ಚು. ಜೋಳಕ್ಕೂ ಕಬ್ಬಿಗೂ ಅದು ತಾಯಿ. ಮನೆಗೆ ಮಾತ್ರ ಮಲತಾಯಿ. ಮಳೆಗಾಲಕ್ಕೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹಿಡಿಸುವಷ್ಟು ಬಿರಿಯುತ್ತದೆ. ಕಬ್ಬಿನ ಬಿಲ್ಲು ಸುರಿದು ಕಟ್ಟಿದ ಗೋಡೆ ಸೀಳಿದರೆ ಗೌಂಡಿಯನ್ನು ಬೈದು ಫಲವೇನು?

ಯಾಕೆ ಹಿಂಗ ಅಂತ ಕೇಳ್ತೀರಿ. ಎರೆಯಲ್ಲಿರುವ ಅತಿ ಸಣ್ಣ ಜೇಡಿಕಣಗಳೇ ಇದಕ್ಕೆ ಕಾರಣ. ಸುಣ್ಣ ಬೆರೆಸಿದರೆ ಆ ಕಣಗಳು ಗುಂಪುಗೂಡಿ ಅಂಟು ಬಿಡುತ್ತವೆ. ದಿನ ಕಳೆದಂತೆ ಗಟ್ಟಿಯಾಗುತ್ತವೆ.

ಒಣ ಎರೆಯ ಹೆಂಟೆ ಒಡೆದು ಪುಡಿ ಮಾಡಿರಿ. 100 ಕಿಲೋ ಮಣ್ಣಿಗೆ 4ರಿಂದ 6 ಕಿಲೋ ಅರಳಿದ ಸುಣ್ಣದ ಪುಡಿ ಬೆರೆಸಿ, ಹದಕ್ಕೆ ನೀರು ಚಿಮುಕಿಸಿ, ಒಂದು ದಿನ ಮುಚ್ಚಿಡಿರಿ. ಮತ್ತೆ ಕಲಸಿ, ಅರ್ಧ ಗೇಣಿನ ಪದರಾಗಿ ಹಾಸಿ ದಮ್ಮಸು ಮಾಡಿರಿ. ಒಂದು ವಾರ ಅದರ ಹಸಿ ಆರಗೊಡಬೇಡಿರಿ. ಸುಣ್ಣ ಕಣ್ಣಿಗೆ ಬಿದ್ದೀತು, ಜೋಕೆ.

ಇದು ಮನೆಯ ನೆಲಕ್ಕೆ, ಅಂಗಳಕ್ಕೆ, ದಾರಿಗೆ ಒಳ್ಳೆಯದು. ಗೋಡೆಯ ಪಾಯಕ್ಕೆ ಇದೊಂದೇ ಸಾಲದು. ಮಲಪ್ರಭಾ ಕಾಲುವೆಯನ್ನೂ ಇದೇ ಎರೆ ಕಾಡಿತ್ತು. ಅಂಟುಳ್ಳ, ಆದರೆ ಉಬ್ಬದ ಮಣ್ಣಿನ ಪದರ ಹಾಸುವ ಉಪಾಯವನ್ನು ಮುಂಬಯಿ ಐಐಟಿಯ ಪ್ರೊ. ಆರ್. ಕೆ. ಕಟ್ಟಿಯವರು ತೋರಿಸಿದರು. ಪಾಯದ ಆಳ, ಪದರದ ದಪ್ಪ ಎಷ್ಟೆಂದು ಇಂಜಿನಿಯರರನ್ನು ಕೇಳಿರಿ. ಬಚ್ಚಲ ನೀರು ಗೋಡೆಯ ಬುಡಕ್ಕೆ ನಿಲ್ಲದಿರಲಿ.

ಇನ್ನೊಂದು ಮಾತು. ಸವಳು ನೆಲದಲ್ಲಿ ಸಲ್ಫೇಟು ಇದ್ದರೆ, ಸುಣ್ಣ ಕೂಡಿ ಉಬ್ಬು ಹೆಚ್ಚಾದೀತು. ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಹೊಲದ ಕ್ಷಾರಕ್ಕೆ ಜಿಪ್ಸಮ್, ಮನೆಯ ನೆಲಕ್ಕೆ ಸುಣ್ಣ. ಎರಡನ್ನೂ ಒಂದೆಡೆ ಕೂಡಿಸಬೇಡಿರಿ.