ಹುಣಸೆ ಬೀಜ ಹಿಡಿದು ಬನ್ನಿ

ಡಿಗ್ರಿ ಓದುತ್ತಿರುವವರೇ, ಡಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರೇ, ಸಂಜೆ ಅರಳಿಕಟ್ಟೆಯ ಮೇಲೆ ಕೂರುವ ತಂಗಿ ತಮ್ಮಂದಿರೇ, ನಿಮ್ಮ ಬೀದಿಯಲ್ಲೇ ಮೂರನೇ ತರಗತಿಯ ಮಗುವೊಂದು ಪುಸ್ತಕ ಹಿಡಿದು ಓದಿದಂತೆ ಮಾಡುತ್ತಿರಬಹುದು. ಬೆರಳು ಒಂದು ಸಾಲಿನ ಮೇಲೆ, ಬಾಯಲ್ಲಿ ಇನ್ನೊಂದು ಸಾಲು. ಪಾಠ ಬಾಯಿಪಾಠವಾಗಿದೆ, ಅಕ್ಷರದ ಗುರುತು ಸಿಕ್ಕಿಲ್ಲ. ನಾಲ್ಕನೇ ತರಗತಿಗೆ ಹೋದಮೇಲೆ ಅದಕ್ಕೆ ಅಕ್ಷರ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆ ಮಗುವಿಗೆ ಈಗಲೇ ನಿಮ್ಮ ಸಂಜೆಯ ಒಂದು ಗಂಟೆ ಬೇಕು, ಆಡಿಸುತ್ತಲೇ ಕಲಿಸಲು.

ಆಡುತ್ತಾ ಎಲ್ಲಿಯ ಓದು ಎಂದು ಯಾರಾದರೂ ಮೂಗು ಮುರಿದರೆ ಹೆಗ್ಗಡದೇವನಕೋಟೆಯ ಕಡೆ ಕೈ ತೋರಿಸಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, 1995ರಲ್ಲಿ ಆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಯುವ ‘ನಲಿ-ಕಲಿ’ ಪದ್ಧತಿ ಶುರುವಾಯಿತು. 2009-10ರಲ್ಲಿ ಅದು ನಾಡಿನ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೂ ಬಂತು. ನಲಿ-ಕಲಿಯಲ್ಲಿ ಅಕ್ಷರಮಾಲೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ: ಮೊದಲಿಗೆ ಈ ಐದೇ ಅಕ್ಷರ. ಕಾಗುಣಿತದ ಗೊಡವೆಯಿಲ್ಲ, ಒತ್ತಕ್ಷರದ ಕಾಟವಿಲ್ಲ. ಆದರೂ ಮಗು ಸರ, ಅರಸ, ಅಗಸ, ದಸರ ಎಂದು ಓದಿಬಿಡುತ್ತದೆ. ಐವತ್ತು ಅಕ್ಷರ ತಿದ್ದಿ ಮುಗಿಯುವವರೆಗೂ ಒಂದು ಪದವನ್ನೂ ಓದದೆ ಕಾಯುವ ಶಿಕ್ಷೆ ಅದಕ್ಕಿಲ್ಲ.

ನೀವೂ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಬಿಳಿ ಬದಿಯಲ್ಲಿ ಆ ಐದು ಅಕ್ಷರ ದಪ್ಪಗೆ ಬರೆದು ಕೊಡಿ. “ಗರಗಸ ಜೋಡಿಸು ನೋಡೋಣ” ಅನ್ನಿ. ಗ ಇಡುತ್ತದೆ, ರ ಇಡುತ್ತದೆ, ಆಮೇಲೆ ತಡಕಾಡುತ್ತದೆ. ನೀವು ಬಾಯಿ ಬಿಡಬೇಡಿ, ಸುಮ್ಮನಿರಿ. ಕೊನೆಗೆ ತಲೆಯೆತ್ತಿ, “ಅಕ್ಕಾ, ಇನ್ನೊಂದು ಗ ಬೇಕು” ಅನ್ನುತ್ತದೆ. ಪದವನ್ನು ಬಿಡಿಸಿ ಕೇಳಿಸಿಕೊಳ್ಳಲು ಬಂದ ಮಗು ಮಾತ್ರ ಹಾಗೆ ಕೇಳೀತು. ನೂರು ಸಲ ತಿದ್ದಿಸಿದರೂ ಸಿಗದ್ದು ಅಲ್ಲಿ ಸಿಕ್ಕಿರುತ್ತದೆ.

ಇನ್ನು ಗಣಿತ. ಚೌಕಾಬಾರದ ಮನೆ ಬರೆಯಲು ಒಂದು ಸೀಮೆಸುಣ್ಣ ಸಾಕು: ಅಡ್ಡಕ್ಕೆ ಐದು, ಉದ್ದಕ್ಕೆ ಐದು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತನ್ನಿ, ಒಂದು ಬದಿ ಬೆಳ್ಳಗಾಗುವ ತನಕ ಕಲ್ಲಿಗೆ ತೇಯಿರಿ. ಮೊದಮೊದಲು ಮಗು ಬಿಳಿ ಬದಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತದೆ. ಆಡುತ್ತಾ ಆಡುತ್ತಾ, ನೋಡಿದ ಕೂಡಲೇ “ಮೂರು!” ಎಂದು ಕೂಗುತ್ತದೆ. ಇನ್ನೂ ಪಳಗಿದ ಮೇಲೆ, “ಎರಡು ಬಿದ್ರೆ ನನ್ನ ಕಾಯಿ ಹಣ್ಣಾಗ್ತದೆ” ಎಂದು ಮೊದಲೇ ಲೆಕ್ಕ ಹಾಕಿಕೊಂಡು ಬೀಜ ಉರುಳಿಸುತ್ತದೆ. ಅದು ಕಳೆಯುವ ಲೆಕ್ಕವೇ, ಸ್ಲೇಟು ಹಿಡಿದಿಲ್ಲ ಅಷ್ಟೇ.

ದಶಕ ಕಲಿಸಲು ತೆಂಗಿನಗರಿ ಕಡ್ಡಿ ಇದೆಯಲ್ಲ. ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. 32ರಲ್ಲಿ 17 ಕಳೆ ಅಂದಾಗ, ಬಿಡಿ ಕಡ್ಡಿ ಎರಡೇ ಇರುವುದು ಕಂಡು ಮಗು ತಾನೇ ಒಂದು ಕಟ್ಟು ಬಿಚ್ಚಲಿ. ದಶಕ ಕಡ ತರುವುದು ಏನೆಂದು ಅದರ ಕೈಗೆ ತಿಳಿಯಲಿ.

2021ರಲ್ಲಿ ಕೇಂದ್ರ ಸರ್ಕಾರ ‘ನಿಪುಣ್ ಭಾರತ್’ ಯೋಜನೆ ಘೋಷಿಸಿತು. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕ ಬರಬೇಕೆಂಬುದು ಅದರ ಗುರಿ. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಒಬ್ಬ ಟೀಚರ್ ಮೇಲೆ ಅಷ್ಟೂ ಭಾರ ಹೊರಿಸಿ ನಾವು ಸುಮ್ಮನಿರುವುದು ಸರಿಯಲ್ಲ. ಆ ಟೀಚರ್ ಹತ್ತಿರ ಹೋಗಿ, ಯಾವ ಮಗು ಎಲ್ಲಿ ನಿಂತಿದೆ ಎಂದು ಕೇಳಿ. ಖಂಡಿತ ಹೇಳುತ್ತಾರೆ.

ಮೊದಲ ದಿನ ಇಬ್ಬರೇ ಬಂದರೂ ಶುರುಮಾಡಿ. ತಪ್ಪು ಮಾಡಿದರೆ ನಗಬೇಡಿ, ಬೇರೆಯವರು ನಗಲೂ ಬಿಡಬೇಡಿ. ಜಗಲಿಗೆ ಒಂದು ದಾರ ಕಟ್ಟಿ, ಮಕ್ಕಳು ಬರೆದ ಪದಗಳನ್ನು ತೂಗುಹಾಕಿ. ಕೆಲಸ ಮುಗಿಸಿ ಬರುವ ಅಪ್ಪ ಅವ್ವನಿಗೆ ಮಕ್ಕಳೇ ಅವನ್ನು ಓದಿ ಹೇಳಲಿ.