ಮಕ್ಕಳ ಭಿತ್ತಿಚಿತ್ರಕ್ಕೆ ನಮ್ಮ ಕೊಟ್ಟಿಗೆಯೇ ಪಾಠ
(ಹಾಲು ಉತ್ಪಾದಕರ ತಿಳುವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಜಿಡ್ಡಿನ ಅಂಶ, ಕೆಚ್ಚಲು ಬಾವು, ಹಸಿರು ಮೇವು ಇವುಗಳ ಮಾತೇ ಬರುತ್ತದೆ. ಇಂದು ಸ್ವಲ್ಪ ಬೇರೆ ವಿಷಯ ಹೇಳಬೇಕೆಂದಿದ್ದೇನೆ.

ನಮ್ಮ ದೇಶದಲ್ಲಿ ಪ್ರತಿ ವರ್ಷ ಡಿಸೆಂಬರ್ 14ನ್ನು ಇಂಧನ ಉಳಿತಾಯ ದಿನವೆಂದು ಆಚರಿಸುತ್ತಾರೆ. ಕೇಂದ್ರ ವಿದ್ಯುತ್ ಸಚಿವಾಲಯವು 2005ರಲ್ಲಿ ಶಾಲಾ ಮಕ್ಕಳಿಗಾಗಿ ಇದೇ ವಿಷಯದ ಚಿತ್ರಕಲಾ ಸ್ಪರ್ಧೆಯನ್ನೂ ಆರಂಭಿಸಿತು. ಶಾಲೆಯಲ್ಲಿ ಮೇಷ್ಟ್ರು "ಇಂಧನ ಉಳಿಸಿ ಎಂದು ಒಂದು ಭಿತ್ತಿಚಿತ್ರ ಬರೆದುಕೊಂಡು ಬನ್ನಿ" ಎನ್ನುತ್ತಾರೆ. ನೀವು ಸಂಜೆ ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಮಗಳು ಡ್ರಾಯಿಂಗ್ ಹಾಳೆ ಹಿಡಿದು "ಅಪ್ಪಾ, ಏನು ಬರೆಯಲಿ?" ಎಂದು ಕೇಳುತ್ತಾಳೆ. ಆಗ "ನನಗೇನು ಗೊತ್ತು, ಹೋಗು" ಎನ್ನಬೇಡಿ. ಈ ವಿಷಯದಲ್ಲಿ ನಿಮಗೆ ಗೊತ್ತಿರುವಷ್ಟು ಆಕೆಯ ಪುಸ್ತಕದಲ್ಲಿ ಇಲ್ಲ.

ಸಾಮಾನ್ಯವಾಗಿ ಮಕ್ಕಳು ಏನು ಬರೆಯುತ್ತಾರೆ? ಕಣ್ಣೀರಿಡುವ ಭೂಮಿ, ಪಕ್ಕದಲ್ಲಿ ಒಂದು ಬಲ್ಬು, ಕೆಳಗೆ ನಾಲ್ಕು ಘೋಷಣೆ. ಎಲ್ಲರದೂ ಒಂದೇ ಚಿತ್ರ. ಗೋಡೆಗೆ ಅಂಟಿಸಿದ ಮೇಲೆ ಯಾರೂ ನಿಂತು ನೋಡುವುದಿಲ್ಲ. ಮಗು ತಾನು ಕಂಡದ್ದನ್ನು ಬರೆದರೆ ಮಾತ್ರ ಊರಿನವರು ನಿಂತು ನೋಡುತ್ತಾರೆ.

ಮೊದಲು ಮಕ್ಕಳ ಒಂದು ಪ್ರಶ್ನೆಗೆ ನಾವು ಉತ್ತರ ಸಿದ್ಧಮಾಡಿಕೊಳ್ಳಬೇಕು. "ಅಪ್ಪಾ, ಪಂಪ್‌ಸೆಟ್ಟಿಗೆ ಬಿಲ್ಲೇ ಇಲ್ಲ. ಮನೆಗೂ ಗೃಹಜ್ಯೋತಿ. ಮತ್ತೆ ಯಾಕೆ ಉಳಿಸಬೇಕು?" ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. 10 ಹೆಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ಉಚಿತ ವಿದ್ಯುತ್ ಬಂದಿತು, 2023ರಲ್ಲಿ ಗೃಹಜ್ಯೋತಿ ಬಂದಿತು. ಆದರೆ ಬಿಲ್ಲು ಬಾರದಿದ್ದರೆ ಖರ್ಚೇ ಇಲ್ಲವೆಂದಲ್ಲ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ರಾಯಚೂರು ಬಳಿಯ ಶಕ್ತಿನಗರದಲ್ಲಿ 1985ರಲ್ಲಿ ಶುರುವಾದ ಉಷ್ಣ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಶರಾವತಿಯಲ್ಲಿ ವಿದ್ಯುತ್ ಆಗಬೇಕಾದರೆ ಮಳೆ ಬಂದು ಲಿಂಗನಮಕ್ಕಿ ತುಂಬಬೇಕು. ಊರಿನಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕತ್ತಲೆಯಲ್ಲಿ ಕೂರುವವರು ನಾವೇ, ಪರೀಕ್ಷೆಗೆ ಓದಲಾಗದವರು ನಮ್ಮ ಮಕ್ಕಳೇ.

ಟ್ರಾನ್ಸ್‌ಫಾರ್ಮರ್ ಏಕೆ ಸುಡುತ್ತದೆ ಎಂಬುದೇ ಒಂದು ಒಳ್ಳೆಯ ಭಿತ್ತಿಚಿತ್ರ. ಮೋಟಾರುಗಳಿಗೆಲ್ಲ ಆಟೋ ಸ್ಟಾರ್ಟರ್ ಹಾಕಿರುತ್ತೇವೆ. ತ್ರೀ ಫೇಸ್ ಬಂದ ಕ್ಷಣ, ನೀರು ಬೇಕಿರಲಿ ಬೇಡವಿರಲಿ, ಎಲ್ಲವೂ ಒಟ್ಟಿಗೆ ಓಡುತ್ತವೆ. ಮೋಟಾರು ಹೊರಡುವಾಗ ಓಡುವಾಗಿಗಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಆ ಹೊರೆಯನ್ನು ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ತುಂಬಿದ ಗದ್ದೆಯಿಂದ ನೀರು ರಸ್ತೆಗೆ ಹರಿಯುವುದನ್ನು ನಿಮ್ಮ ಮಗ ನೋಡಿಯೇ ಇರುತ್ತಾನೆ. ಅದನ್ನು ಬರೆಯಲು ಹೇಳಿ.

ಅದರ ಲೆಕ್ಕವನ್ನೂ ಹೇಳಿಕೊಡಿ. 5 ಹೆಚ್.ಪಿ. ಮೋಟಾರು ಒಂದು ಗಂಟೆ ಓಡಿದರೆ ಸುಮಾರು 4 ಯೂನಿಟ್. ಓದುವ ಕೋಣೆಯಲ್ಲಿ 9 ವ್ಯಾಟ್‌ನ ಎಲ್.ಇ.ಡಿ. ಬಲ್ಬನ್ನು ದಿನಕ್ಕೆ 4 ಗಂಟೆಯಂತೆ ಉರಿಸಿದರೆ ಅದೇ 4 ಯೂನಿಟ್ ನೂರಕ್ಕೂ ಹೆಚ್ಚು ರಾತ್ರಿ ಬರುತ್ತದೆ. ಒಂದು ಕಡೆ ವ್ಯರ್ಥವಾಗಿ ಓಡುವ ಮೋಟಾರು, ಇನ್ನೊಂದು ಕಡೆ ನೂರು ರಾತ್ರಿ ಓದುವ ಮಗು. ಇದಕ್ಕಿಂತ ಚಿತ್ರ ಬೇಕೆ?

ಇನ್ನು ಕೊಟ್ಟಿಗೆಗೆ ಬನ್ನಿ. ಒಂದು ಕಿಲೋ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಸಿಗುತ್ತದೆ. 2 ಘನ ಮೀಟರಿನ ಗೋಬರ್ ಗ್ಯಾಸ್ ಘಟಕಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಸಾಕು. ನಾಲ್ಕೈದು ರಾಸುಗಳಿದ್ದರೆ ಐದಾರು ಜನರ ಅಡುಗೆ ನಡೆಯುತ್ತದೆ. ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರ. ಸೌದೆ ಒಲೆಯೇ ಇರುವ ಮನೆಗೆ ಅಸ್ತ್ರ ಒಲೆ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ರೂಪಿಸಿದ ಈ ಒಲೆಯಲ್ಲಿ ಸೌದೆಯೂ ಉಳಿಯುತ್ತದೆ, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ತಾಯಿಯ ಕಣ್ಣು ಉರಿಯುವುದನ್ನು ದಿನವೂ ನೋಡುವ ಮಗುವಿಗೆ ಈ ಚಿತ್ರ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಲಿನಲ್ಲಿಯೂ ಇಂಧನವಿದೆ. ಕರೆದ ಹಾಲಿನ ಬಿಸಿ ಸುಮಾರು 37 ಡಿಗ್ರಿ. ಬಿ.ಎಂ.ಸಿ. ಕೇಂದ್ರದಲ್ಲಿ ಅದನ್ನು 4 ಡಿಗ್ರಿಗೆ ಇಳಿಸಲು ಕರೆಂಟು ಬೇಕು, ಕರೆಂಟು ಹೋದರೆ ಡೀಸೆಲ್ ಬೇಕು. ಪಾತ್ರೆ ಸರಿಯಾಗಿ ತೊಳೆಯದೆ, ತಡವಾಗಿ ತಂದು ಹಾಲು ಒಡೆದರೆ ಮೇವಿಗೆ ಹಾಯಿಸಿದ ನೀರು, ಮೇವು ಕತ್ತರಿಸಿದ ಯಂತ್ರದ ಕರೆಂಟು, ಲಾರಿಯ ಡೀಸೆಲ್ ಎಲ್ಲವೂ ಅದರೊಂದಿಗೆ ಚರಂಡಿಗೆ ಹೋದಂತೆ.

ಈಗ ಬರೆಯುವ ಕ್ರಮ. ಮೊದಲು ಒಂದು ವಾರ ಮಗು ದಿನವೂ ಒಂದೇ ಹೊತ್ತಿನಲ್ಲಿ ಮನೆಯ ಮೀಟರ್ ನೋಡಿ ಬರೆದಿಡಲಿ. ನಾವು ಡೇರಿ ಪಾಸ್‌ಬುಕ್ಕಿನಲ್ಲಿ ಲೀಟರು, ಫ್ಯಾಟ್ ನೋಡುವುದಿಲ್ಲವೆ, ಹಾಗೆಯೇ. ಎರಡನೆಯ ವಾರ ಬೇಡದ ದೀಪ, ಫ್ಯಾನು, ಟಿ.ವಿ. ಆರಿಸಿ ಮತ್ತೆ ಬರೆಯಲಿ. ಆ ಎರಡು ಅಂಕಿಗಳೇ ಭಿತ್ತಿಚಿತ್ರದ ಜೀವ.

ಒಂದು ಹಾಳೆಗೆ ಒಂದೇ ಮಾತು, ಒಂದೇ ದೊಡ್ಡ ಚಿತ್ರ. ಘೋಷಣೆ ಐದಾರು ಪದ ಮೀರದಿರಲಿ. "ಗದ್ದೆ ತುಂಬಿತು, ಮೋಟಾರು ನಿಲ್ಲಿಸಿ" ಎಂದರೆ ಸಾಕು. ಮೊದಲು ಪೆನ್ಸಿಲಿನಲ್ಲಿ ಅಕ್ಷರಗಳಿಗೆ ಜಾಗ ಗುರುತು ಮಾಡಲಿ. ಬಿಳಿ ಹಾಳೆಯ ಮೇಲೆ ಹಳದಿ ಅಕ್ಷರ ಕಾಣುವುದಿಲ್ಲ, ಕಪ್ಪು ಅಥವಾ ಕಡುನೀಲಿ ಇರಲಿ. ಗೋಡೆಗೆ ಹಚ್ಚಿ ಹತ್ತು ಹೆಜ್ಜೆ ಹಿಂದೆ ನಿಂತು ಅಜ್ಜಿಗೆ ತೋರಿಸಲಿ. ಓದು ಬಾರದ ಅಜ್ಜಿಗೂ ಚಿತ್ರ ಅರ್ಥವಾದರೆ ಗೆದ್ದಂತೆ. ಆದರೆ ಕುಂಚ ಮಗುವಿನ ಕೈಯಲ್ಲೇ ಇರಲಿ. ವಕ್ರವಾದರೂ ಅದು ಮಗುವಿನದು. ಬಹುಮಾನದ ಆಸೆಗೆ ದೊಡ್ಡವರು ಬರೆದುಕೊಟ್ಟರೆ ಮಗು ಕಲಿಯುವುದು ಬೇರೆಯೇ ಪಾಠ.

ಬಂಧುಗಳೇ, ಕೊನೆಯದಾಗಿ ಒಂದು ಮಾತು. "ಮೋಟಾರು ನಿಲ್ಲಿಸಿ" ಎಂದು ಮಗಳು ಬರೆದ ಹಾಳೆ ಶಾಲೆಯ ಗೋಡೆಯಲ್ಲಿರುವಾಗ ಅಪ್ಪನ ಮೋಟಾರು ರಾತ್ರಿಯೆಲ್ಲ ಓಡುತ್ತಿದ್ದರೆ ಆ ಮಗು ಯಾರ ಮಾತನ್ನು ನಂಬಬೇಕು? ಹೇಳುವುದು ಒಂದು, ಮಾಡುವುದು ಇನ್ನೊಂದು ಎಂಬುದನ್ನು ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಆದ್ದರಿಂದ ಆ ಚಿತ್ರ ಶಾಲೆಯಿಂದ ಬಂದ ಮೇಲೆ ಮೂಲೆಗೆ ಸುತ್ತಿಡಬೇಡಿ. ಸಂಘದ ಕಾರ್ಯದರ್ಶಿಗಳನ್ನು ಕೇಳಿ, ಹಾಲು ಅಳೆಯುವ ಜಾಗದ ಗೋಡೆಗೆ ಹಚ್ಚಿಸಿ. ಬೆಳಿಗ್ಗೆ, ಸಂಜೆ ಸಾಲಿನಲ್ಲಿ ನಿಲ್ಲುವ ನಾವೆಲ್ಲ ಅದನ್ನು ಓದೋಣ, ಓದಿದ್ದನ್ನು ಅಂದೇ ಹೊಲದಲ್ಲಿ ಮಾಡೋಣ.